ನಾಲ್ಕು ನಿಮಿಷದ ವಿಚಾರಣೆ

ಏಪ್ರಿಲ್ 22, ಮಂಗಳವಾರ. ಬೆಳಿಗ್ಗೆ 7.38ಕ್ಕೆ ಓಹಾಯೊ ರಾಜ್ಯದ ಕಾರ್ವೆಲ್ ನಗರದ ಪೊಲೀಸ್ ಕಂಟ್ರೋಲ್ ರೂಮಿಗೆ ಒಂದು ಕರೆ ಬಂತು. ಕರೆ ಮಾಡಿದವಳು ನದಿ ದಂಡೆಯ ಕಾಲುದಾರಿಯಲ್ಲಿ ದಿನವೂ ಓಡುವ ಒಬ್ಬ ನರ್ಸು. ರೈಲು ಸೇತುವೆಯ ಕೆಳಗೆ ಗಂಡಸೊಬ್ಬ ಬೋರಲು ಬಿದ್ದಿದ್ದಾನೆ, ನಾಡಿ ಸಿಗುತ್ತಿಲ್ಲ ಎಂದಳು. ಆಂಬುಲೆನ್ಸ್ ಬರುವವರೆಗೆ ಎದೆ ಒತ್ತಲು ಆಗುತ್ತದೆಯೇ ಎಂದು ಕಂಟ್ರೋಲ್ ರೂಮಿನವರು ಕೇಳಿದರು.

"ಹದಿನಾರು ವರ್ಷದಿಂದ ನರ್ಸಾಗಿದೀನಿ. ಒತ್ತಿ ಪ್ರಯೋಜನ ಇಲ್ಲ. ನೀವು ಬಂದು ಕುತ್ತಿಗೆ ನೋಡಿ, ಗೊತ್ತಾಗತ್ತೆ" ಎಂದಳು.

ಡಿಟೆಕ್ಟಿವ್ ಸಾರ್ಜೆಂಟ್ ರೂತ್ ಹೊರ್ವಾತ್ 7.55ಕ್ಕೆ ಸ್ಥಳದಲ್ಲಿದ್ದಳು. ಐವತ್ತೊಂದು ವರ್ಷ, ಕೊಲೆ ವಿಭಾಗದಲ್ಲಿ ಹನ್ನೆರಡು. ಅವಳ ಜೊತೆಗಾರ ಡಿಟೆಕ್ಟಿವ್ ಟೆರೆಲ್ ಗೇನ್ಸ್ ಆಗಲೇ ಹಳದಿ ಪಟ್ಟಿ ಕಟ್ಟಿಸಿ ಮಹಜರು ಬರೆಯಲು ಕೂತಿದ್ದ. ಮೃತನ ವಯಸ್ಸು ಅರವತ್ತರ ಹತ್ತಿರ. ಕಾಲಲ್ಲಿ ಒಂದೇ ಬೂಟು. ಇನ್ನೊಂದು ನಲವತ್ತು ಅಡಿ ಹಿಂದೆ ಬಿದ್ದಿತ್ತು. ಅಲ್ಲಿಂದ ಹೆಣದವರೆಗೆ ಜಲ್ಲಿಯಲ್ಲಿ ಎರಡು ಗೀರು, ಹಿಮ್ಮಡಿಗಳು ಕೊರೆದದ್ದು. ಎರಡೂ ಕೈಯ ಉಗುರುಗಳು ಕಿತ್ತುಬಂದಿದ್ದವು. ಕೊನೆಗೆ ಅವನನ್ನು ಮುಖ ಕೆಳಗಾಗಿಸಿ ಎಳೆದಿದ್ದರು. ಎಡಗೆನ್ನೆಯ ಚರ್ಮ ಜಲ್ಲಿಗೆ ಅಂಟಿಕೊಂಡು ಉಳಿದಿತ್ತು. ಕುತ್ತಿಗೆಯ ಸುತ್ತ ಬೆರಳು ಹುದುಗುವಷ್ಟು ಆಳದ, ಒಂದೇ ಸಮನಾದ ಕಚ್ಚು.

"ಕಳ್ಳತನ ಅಲ್ಲ ಸಾರ್ಜ್. ವಾಚು, ಪರ್ಸು ಎರಡೂ ಇದೆ."

"ಯಾರಿವರು?"

"ಲಾಯ್ಡ್ ಪ್ರುವಿಟ್. ನಗರಸಭೆ ವಿಚಾರಣಾಧಿಕಾರಿ. ಅಂಗಳದ ಹುಲ್ಲು ಮೊಣಕಾಲುದ್ದ ಬೆಳೆದಿದೆ ಅಂತ ನಮ್ಮಮ್ಮಂಗೆ ದಂಡ ಹಾಕಿದ್ನಲ್ಲ, ಅದೇ ಮನುಷ್ಯ."

"ಹಾಗಾದ್ರೆ ಇವತ್ತು ಬೆಳಿಗ್ಗೆ ನೀನೆಲ್ಲಿದ್ದೆ?"

"ಹಾಸಿಗೇಲಿ. ನನ್ನ ಹೆಂಡ್ತೀನೇ ಸಾಕ್ಷಿ. ಗೊರಕೆ ಬಗ್ಗೆ ಬೇರೆ ಹೇಳಿಕೆ ಕೊಡ್ತಾಳೆ, ಬರ್ಕೊ."

ಶವಪರೀಕ್ಷೆ 10.30ಕ್ಕೆ ಶುರುವಾಯಿತು. ವೈದ್ಯೆ ದೀಪವನ್ನು ಕುತ್ತಿಗೆಯ ಮೇಲಕ್ಕೆ ಎಳೆದು ತೋರಿಸಿದಳು.

"ಹಗ್ಗ ಅಲ್ಲ ಇದು. ಹಗ್ಗ ಆದ್ರೆ ಹುರಿಯ ಗುರುತು ಬೀಳತ್ತೆ. ಇದು ನುಣ್ಣಗಿದೆ. ಉಕ್ಕಿನ ತಂತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಪೆನ್ಸಿಲ್ ದಪ್ಪ. ಗಂಟಲ ಮೂಳೆ ಪುಡಿಯಾಗಿದೆ."

"ಹಿಂದಿನಿಂದ ಬಿಗಿದ್ನಾ?"

"ಅದೇ ವಿಚಿತ್ರ. ಕುತ್ತಿಗೆ ಬಿಗಿಯೋನು ಮೈಗೆ ಮೈ ತಾಗಿಸಿ ನಿಂತಿರ್ಬೇಕು. ಬೆನ್ನಲ್ಲಿ ಮೊಣಕಾಲಿನ ಗುರುತು, ಬಟ್ಟೆ ಮೇಲೆ ಕೂದಲು, ಏನಾದ್ರೂ ಸಿಗ್ಬೇಕು. ಇಲ್ಲಿ ಏನೂ ಇಲ್ಲ. ಉಗುರು ಕಿತ್ತುಹೋಗೋ ಹಾಗೆ ಒದ್ದಾಡಿದಾನೆ, ಉಗುರಲ್ಲಿ ಇರೋದು ಬರೀ ಅವನ ಕುತ್ತಿಗೆ ಚರ್ಮ. ಕೊಂದೋನು ಕೈಗೆ ಸಿಗೋಷ್ಟು ಹತ್ರ ಬಂದೇ ಇಲ್ಲ." ಅವಳು ಹೆಣದ ತಲೆಯನ್ನು ಹೊರಳಿಸಿದಳು. ಬಲಗಿವಿಯ ಕೆಳಗೆ ನಾಣ್ಯದಗಲದ ಉಂಗುರದಂಥ ಕಂದು ಗುರುತಿತ್ತು. "ಪೈಪಿನ ಬಾಯಿ ಇಟ್ಟು ಒತ್ತಿದ ಹಾಗಿದೆ. ಯಾಕೆ ಅಂತ ನನಗೆ ಗೊತ್ತಾಗ್ತಿಲ್ಲ."

ಸಾವಿನ ಸಮಯ 6.30ರಿಂದ 7.10ರೊಳಗೆ ಎಂದು ಬರೆದುಕೊಂಡು ರೂತ್ ನಗರಸಭೆಗೆ ಹೋದಳು.

ಎರಡನೇ ಮಹಡಿಯ ಆ ಕೋಣೆಯಲ್ಲಿ ಪ್ರುವಿಟ್ ಪ್ರತಿ ಮಂಗಳವಾರ ಊರಿನ ಸಣ್ಣ ವ್ಯಾಜ್ಯಗಳನ್ನು ಕೇಳುತ್ತಿದ್ದ. ತೆಗೆಯದ ಕಸ, ಕುಸಿಯುವ ಜಗಲಿ, ಕಚ್ಚುವ ನಾಯಿ. ಇಪ್ಪತ್ತೆರಡು ಜನ ಹೊರಗಿನ ಬೆಂಚುಗಳಲ್ಲಿ ಇನ್ನೂ ಕಾಯುತ್ತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಅವನ ಗುಮಾಸ್ತೆ ಡೋರೀನ್ ಸಬೊ ಕಣ್ಣು ಒರೆಸಿಕೊಂಡು ಕೂತಿದ್ದಳು.

"ಅವರ ಮೇಲೆ ಯಾರಿಗೆ ಸಿಟ್ಟಿತ್ತು?"

"ಊರಿನ ಫೋನ್ ಬುಕ್ ಕೊಡ್ಲಾ?"

"ಈಚೆಗೆ?"

ಡೋರೀನ್ ಎದ್ದು ಬಾಗಿಲು ಮುಚ್ಚಿ ಬಂದಳು. "ಓಪಲ್ ಜೆಫರ್ಸ್ ಕೇಸು. ಅದ್ರ ಬಗ್ಗೆ ಯಾರೂ ಮಾತಾಡ್ಬಾರ್ದು, ಆ ಹೆಂಗಸಿನ ಶವಸಂಸ್ಕಾರಕ್ಕೂ ಹೋಗ್ಬಾರ್ದು ಅಂತ ನಗರಸಭೆ ವಕೀಲರು ಚೀಟಿ ಕಳಿಸಿದಾರೆ. ಆದ್ರೆ ನೀವು ಪೊಲೀಸ್ನೋರು."

ಓಪಲ್ ಜೆಫರ್ಸ್, ಎಪ್ಪತ್ತೊಂದು ವರ್ಷ, ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಮಾರ್ಚ್ ತಿಂಗಳಲ್ಲಿ ಪಕ್ಕದ ಮನೆಯ ಡ್ವೇನ್ ಸ್ಟೋಕ್ಸ್ ಎಂಬವನ ಬೂದು ನಾಯಿ ಅವಳ ಕೈ ಕಚ್ಚಿತು. ಪೊಲೀಸ್ ಇಲಾಖೆಗೇ ಸೇರಿದ ಪ್ರಾಣಿ ನಿಯಂತ್ರಣ ದಳದವರು ನಾಯಿಯನ್ನು ಹಿಡಿದೊಯ್ದರು. ಏಪ್ರಿಲ್ 1ರಂದು ವಿಚಾರಣೆ. ಡೋರೀನ್ ಅದರ ಧ್ವನಿಮುದ್ರಣ ಹಾಕಿದಳು.

"ನೋಟಿಸನ್ನ ಮಾಲೀಕನ ಕೈಗೆ ಕೊಟ್ರಾ, ಆಫೀಸರ್ ಟಕೆಟ್?" ಪ್ರುವಿಟ್‌ನ ದನಿ.

"ಅವನು ಬಾಗಿಲೇ ತೆಗೀಲಿಲ್ಲ ಸರ್. ಮೂರು ಸಲ ಹೋಗಿದ್ದೆ. ಬಾಗಿಲಿಗೆ ಅಂಟಿಸಿ ಬಂದೆ."

"ಅಂಟಿಸಿದ್ರೆ ಆಗಲ್ಲ, ಕೈಗೇ ಕೊಡ್ಬೇಕು. ಲೋಪ ಅಧಿಕಾರಿಯದು ಅಂತ ದಾಖಲಿಸ್ಕೊಳ್ಳಿ. ಕೇಸು ವಜಾ. ನಾಯೀನ ಇವತ್ತೇ ವಾಪಸ್ ಕೊಡಿ."

"ನಾನೊಂದು ಮಾತಾಡ್ಲಾ ಸ್ವಾಮಿ?" ಮುದುಕಿಯ ದನಿ.

"ಬೇಕಾಗಿಲ್ಲಮ್ಮ. ಮುಂದಿನದು ಕರೀರಿ."

ಅಷ್ಟಕ್ಕೆ ನಾಲ್ಕು ನಿಮಿಷ ಹತ್ತು ಸೆಕೆಂಡು.

ಏಪ್ರಿಲ್ 10ರ ಬೆಳಿಗ್ಗೆ ಓಪಲ್ ಕಸದ ಡಬ್ಬಿಯನ್ನು ರಸ್ತೆಬದಿಗೆ ತಳ್ಳಿಕೊಂಡು ಹೋಗುವಾಗ ಅದೇ ನಾಯಿ ಬೇಲಿ ಹಾರಿ ಅವಳ ಗಂಟಲಿಗೆ ಬಿತ್ತು. ನಲವತ್ತು ನಿಮಿಷದ ಮೇಲೆ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ಮರುದಿನ ಪ್ರುವಿಟ್‌ನೇ ಸಹಿ ಮಾಡಿದ ಆದೇಶದ ಮೇಲೆ ನಾಯಿಯನ್ನು ಕೊಂದರು. 14ರಂದು ಬೆಳಿಗ್ಗೆ 9.20ಕ್ಕೆ ಡ್ವೇನ್ ಸ್ಟೋಕ್ಸ್ ಕಚೇರಿಗೆ ಫೋನ್ ಮಾಡಿದ್ದ. ಅವನ ಮಾತನ್ನು ಡೋರೀನ್ ಅಕ್ಷರಶಃ ಬರೆದಿಟ್ಟಿದ್ದಳು: 'ನನ್ನ ನಾಯಿ ಸತ್ತ ಹಾಗೆ ಅವನೂ ಸಾಯ್ತಾನೆ ಅಂತ ಹೇಳು.'

ಮಧ್ಯಾಹ್ನ 1.15ಕ್ಕೆ ರೂತ್ ಮತ್ತು ಗೇನ್ಸ್ ಸ್ಟೋಕ್ಸ್‌ನ ಮನೆ ಮುಂದೆ ಕಾರು ನಿಲ್ಲಿಸಿದರು. ಮನೆಯಲ್ಲಿ ಇನ್ನೊಂದು ನಾಯಿ ಇದೆಯೆಂದು ಗೊತ್ತಿದ್ದರಿಂದ ಪ್ರಾಣಿ ನಿಯಂತ್ರಣದ ವ್ಯಾನಿಗೂ ಬರಹೇಳಿದ್ದರು. ವ್ಯಾನಿನಲ್ಲಿ ಬಂದವನು ವೇಡ್ ಟಕೆಟ್. ನಲವತ್ತಾರು ವರ್ಷ, ತೆಳ್ಳಗಿನ ಮನುಷ್ಯ, ಹತ್ತೊಂಬತ್ತು ವರ್ಷದ ಸೇವೆ. ಗೇನ್ಸ್ ಅವನ ಬೆನ್ನು ತಟ್ಟಿದ.

"ಏನಪ್ಪ ವೇಡ್, ಸೊರಗಿಹೋಗಿದೀಯ? ಊಟ ಗೀಟ ಇಲ್ವಾ?"

"ನಿನ್ನ ಪಾಲಿಂದೂ ನೀನೇ ತಿಂದ ಹಾಗಿದೆ" ಎಂದ ಟಕೆಟ್. ನಗಲಿಲ್ಲ.

ಗೇನ್ಸ್ ಬಾಗಿಲು ಬಡಿದ. "ಪೊಲೀಸ್. ಸ್ಟೋಕ್ಸ್, ಬಾಗಿಲು ತೆಗಿ."

ಬಾಗಿಲು ಗೇಣಗಲ ತೆರೆಯಿತು. ಮನುಷ್ಯನ ಮುಖ ಕಾಣಲಿಲ್ಲ. ಮೊಣಕಾಲಿನ ಎತ್ತರದಲ್ಲಿ ಬೂದು ಬಣ್ಣದ್ದೇ ಇನ್ನೊಂದು ನಾಯಿ ಗುಂಡಿನಂತೆ ಹೊರಬಿತ್ತು. ಗೇನ್ಸ್ ಮುಖಕ್ಕೆ ಅಡ್ಡ ಹಿಡಿದ ಎಡತೋಳನ್ನು ಕಚ್ಚಿಕೊಂಡು ನಾಯಿ ಅವನನ್ನು ಜಗಲಿಯಿಂದ ಕೆಳಕ್ಕೆ ಕೆಡವಿತು. ತೋಳಿನ ಮೂಳೆ ಮುರಿದ ಸದ್ದು ರೂತ್‌ಗೆ ಕೇಳಿಸಿತು. ಅವಳು ಪಿಸ್ತೂಲು ಎತ್ತಿದಳು. ನಾಯಿ, ಗೇನ್ಸ್ ಇಬ್ಬರೂ ಒಂದೇ ಮುದ್ದೆಯಾಗಿ ಹೊರಳುತ್ತಿದ್ದರು. ಗುಂಡು ಹಾರಿಸುವಂತಿರಲಿಲ್ಲ. ನಾಯಿ ತೋಳನ್ನು ಬಿಟ್ಟು ಗಂಟಲಿಗೆ ಬಾಯಿ ಹಾಕಲು ತಲೆ ಎತ್ತಿದ ಕ್ಷಣದಲ್ಲಿ ಟಕೆಟ್ ಓಡಿಬಂದ. ಅವನ ಕೈಯಲ್ಲಿ ಐದಡಿ ಉದ್ದದ ಅಲ್ಯೂಮಿನಿಯಂ ಕೋಲಿತ್ತು. ಅದರ ತುದಿಯಲ್ಲಿ ತಂತಿಯ ಕುಣಿಕೆ. ಒಂದೇ ಬೀಸಿಗೆ ಕುಣಿಕೆ ನಾಯಿಯ ಕುತ್ತಿಗೆಗೆ ಬಿತ್ತು. ಹಿಡಿಯ ಹತ್ತಿರದ ತಂತಿಯನ್ನು ಅವನು ಜಗ್ಗಿದ. ನಾಯಿ ಗಾಳಿಯಲ್ಲಿ ತಿರುಚಿಕೊಂಡಿತು, ಹಲ್ಲು ಕಿಸಿಯಿತು, ಕಾಲುಗಳಿಂದ ಹುಲ್ಲು ಕೆದರಿತು. ಗೇನ್ಸ್ ತೆವಳಿಕೊಂಡು ಈಚೆ ಬಂದ. ಟಕೆಟ್ ಸಡಿಲಿಸಲಿಲ್ಲ. ನಾಯಿಯ ನಾಲಗೆ ನೀಲಿಯಾಯಿತು, ಹಿಂಗಾಲು ಸೆಟೆದವು.

"ವೇಡ್, ಸಾಕು. ಬಿಟ್ಟಾಯ್ತು ಅದು" ಎಂದಳು ರೂತ್.

ಟಕೆಟ್ ನಾಯಿಯನ್ನೇ ನೋಡುತ್ತಿದ್ದ.

"ವೇಡ್!"

ಅವನು ಸಡಿಲಿಸುವಷ್ಟರಲ್ಲಿ ನಾಯಿ ಸತ್ತಿತ್ತು.

ಸ್ಟೋಕ್ಸ್ ಹಿತ್ತಲ ಬೇಲಿ ಹತ್ತುವಾಗ ರೂತ್ ಅವನ ಪ್ಯಾಂಟು ಹಿಡಿದು ಎಳೆದಳು. ಅವನು ಬಿದ್ದಲ್ಲಿಂದಲೇ ಅವಳ ಬಾಯಿಗೆ ಒದ್ದ. ಅವಳು ಎರಡು ಸಲ ಅವನ ಪಕ್ಕೆಗೆ ಲಾಠಿಯಿಂದ ಹೊಡೆದು ಬೇಡಿ ಹಾಕಿದಳು.

"ಪ್ರುವಿಟ್‌ನ ಯಾಕೆ ಕೊಂದೆ?"

"ಯಾರು ಸತ್ರು?" ಸ್ಟೋಕ್ಸ್ ನಿಜವಾಗಿಯೂ ಬೆಚ್ಚಿದ. "ಮೇಡಂ, ಒಳಗೆ ಪಿಸ್ತೂಲಿದೆ, ಅದಕ್ಕೇ ಓಡ್ದೆ. ನಾನು ಇಟ್ಕೊಳ್ಳೋ ಹಾಗಿಲ್ಲ, ಜೈಲಿಂದ ಬಂದೋನು. ನಿನ್ನೆ ರಾತ್ರಿಯಿಂದ ಬೆಳಿಗ್ಗೆ ಏಳರ ತನಕ ಟೈರ್ ಫ್ಯಾಕ್ಟರೀಲಿದ್ದೆ. ಕೇಳ್ಕೊಳ್ಳಿ."

ಕೇಳಿಕೊಂಡರು. ಗೇಟಿನ ಯಂತ್ರದಲ್ಲಿ 7.04ಕ್ಕೆ ಅವನು ಹೊರಬಿದ್ದ ದಾಖಲೆಯೂ ಕ್ಯಾಮೆರಾದಲ್ಲಿ ಅವನ ಮುಖವೂ ಇತ್ತು.

ಗೇನ್ಸ್‌ನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ರೂತ್ ತುಟಿಯ ರಕ್ತ ಒರೆಸಿಕೊಳ್ಳುತ್ತ ಸತ್ತ ನಾಯಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಕುತ್ತಿಗೆಯ ರೋಮ ಬಿಡಿಸಿ ನೋಡಿದಳು. ನುಣುಪಾದ, ಒಂದೇ ಸಮನಾದ ಕಚ್ಚು. ಬಲಗಿವಿಯ ಕೆಳಗೆ ಕೋಲಿನ ಬಾಯಿ ಒತ್ತಿದ ಉಂಗುರ. ಅವಳು ಅಳತೆಪಟ್ಟಿ ಇಟ್ಟು ಎರಡು ಫೋಟೊ ತೆಗೆದು ಶವಪರೀಕ್ಷೆಯ ವೈದ್ಯೆಗೆ ಕಳಿಸಿದಳು. ಆಮೇಲೆ ವ್ಯಾನಿನ ಹತ್ತಿರ ಹೋದಳು. ಟಕೆಟ್ ಕೋಲು ಒರೆಸುತ್ತಿದ್ದ. ಹಿಡಿಯ ಮೇಲೆ ಕಂಪನಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಹೊಸದಾ?"

"ಇವತ್ತೇ ತಗೊಂಡೆ. ಹಳೇದರ ತಂತಿ ಹೋಯ್ತು."

"ಯಾವಾಗ?"

"ನಿನ್ನೆ. ಯಾರದೋ ಅಟ್ಟಕ್ಕೆ ನುಗ್ಗಿದ್ದ ರಕೂನ್ ಹಿಡಿಯುವಾಗ."

"ಗೇನ್ಸ್‌ನ ಉಳಿಸ್ದೆ ನೀನು."

"ಈ ಸಲ ಹತ್ರದಲ್ಲೇ ಇದ್ದೆ" ಎಂದ ಟಕೆಟ್.

ಆರು ನಿಮಿಷದಲ್ಲಿ ವೈದ್ಯೆಯ ಉತ್ತರ ಬಂತು. 'ಎರಡೂ ಒಂದೇ ಅಳತೆ. ಇದೇನು ವಸ್ತು?'

3.50ಕ್ಕೆ ರೂತ್ ಉಗ್ರಾಣದ ದಾಖಲೆ ತರಿಸಿಕೊಂಡಳು. ಹೊಸ ಕೋಲು ಕೊಟ್ಟದ್ದು ಆ ದಿನ ಬೆಳಿಗ್ಗೆ 8.05ಕ್ಕೆ, ಹಳೆಯದನ್ನು ಒಪ್ಪಿಸಿಲ್ಲ. ಸೋಮವಾರ ಊರಲ್ಲೆಲ್ಲೂ ರಕೂನ್ ಬಗ್ಗೆ ಕರೆ ಬಂದಿರಲಿಲ್ಲ. ಸಂಜೆ ಐದಕ್ಕೆ ಆಸ್ಪತ್ರೆಗೆ ಹೋದಳು. ಗೇನ್ಸ್‌ನ ತೋಳಿಗೆ ಕಬ್ಬಿಣದ ಸರಳು ಕೂರಿಸಿದ್ದರು. ಅವಳು ಹೇಳಿದ್ದನ್ನೆಲ್ಲ ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ನಾನಿವತ್ತು ಉಸಿರಾಡ್ತಿರೋದು ಅವನಿಂದ, ರೂತ್."

"ಗೊತ್ತು. ನಾನೂ ಅಲ್ಲೇ ಇದ್ನಲ್ಲ."

"ಹಾಗಿದ್ರೆ ಈ ಕೇಸು ಬೇರೆ ಯಾರಿಗಾದ್ರೂ ದಾಟಿಸು."

"ದಾಟಿಸಿದ್ರೆ ಪ್ರುವಿಟ್ ಕುತ್ತಿಗೆ ಮೇಲಿನ ಗುರುತು ಅಳಿಸಿಹೋಗತ್ತಾ?"

ಗೇನ್ಸ್ ಗೋಡೆಯ ಕಡೆ ತಿರುಗಿದ. ನರ್ಸ್ ಬಂದು ಔಷಧಿ ಬಾಟಲಿ ಬದಲಿಸಿ ಹೋದಳು.

"ವ್ಯಾನಿನಲ್ಲಿ ಜಿಪಿಎಸ್ ಇರತ್ತೆ" ಎಂದ ಕೊನೆಗೆ. "ನಗರಸಭೆ ಗ್ಯಾರೇಜಿನೋರ ಹತ್ರ ದಾಖಲೆ ಸಿಗತ್ತೆ. ಬಾಗಿಲು ಹಾಕ್ಕೊಂಡು ಹೋಗು. ನನ್ನ ಜೊತೆ ಮಾತಾಡ್ಬೇಡ ಇವತ್ತು."

ದಾಖಲೆ ಸ್ಪಷ್ಟವಾಗಿತ್ತು. ಮಂಗಳವಾರ 6.21ರಿಂದ 7.09ರವರೆಗೆ ಟಕೆಟ್‌ನ ವ್ಯಾನು ರೈಲು ಸೇತುವೆಯಿಂದ ಮುನ್ನೂರು ಗಜ ದೂರದ ದೋಣಿಕಟ್ಟೆಯಲ್ಲಿ ನಿಂತಿತ್ತು.

ಬುಧವಾರ ಮೇಯರ್ ಕಚೇರಿಯಿಂದ ಫೋನ್ ಬಂತು. ಪೊಲೀಸ್ ಇಲಾಖೆಯವನೇ ಒಬ್ಬ ನಗರಸಭೆ ಅಧಿಕಾರಿಯನ್ನು ಕೊಂದನೆಂದು ಗುರುವಾರದ ಕೌನ್ಸಿಲ್ ಸಭೆಗೆ ಮೊದಲು ಹೊರಬೀಳುವುದು ಬೇಡ, ಸೋಮವಾರದವರೆಗೆ ತಡೆಯಬಹುದಲ್ಲ ಎಂದು ಕೇಳಿದರು. "ಕೋಲು ಸಿಗೋ ತನಕ ನಾನೇ ತಡೀತೀನಿ. ಸಿಕ್ಕಿದ ಮೇಲೆ ಒಂದು ಗಂಟೆ ಕೂಡ ತಡಿಯಲ್ಲ" ಎಂದು ರೂತ್ ಫೋನ್ ಇಟ್ಟಳು.

ಗುರುವಾರ ಮಧ್ಯಾಹ್ನ 2.20ಕ್ಕೆ ಅಗ್ನಿಶಾಮಕ ದಳದ ಮುಳುಗುಗಾರರು ದೋಣಿಕಟ್ಟೆಯ ಕೆಳಗೆ, ಏಳಡಿ ನೀರಿನಲ್ಲಿ, ಕೆಸರಿಗೆ ಚುಚ್ಚಿ ನಿಂತಿದ್ದ ಅಲ್ಯೂಮಿನಿಯಂ ಕೋಲನ್ನು ಎತ್ತಿದರು. ತಂತಿ ಒಳಸರಿಯುವ ಬಾಯಿಯಲ್ಲಿ ನರೆಗೂದಲೂ ಚರ್ಮದ ಚೂರೂ ಸಿಕ್ಕಿಕೊಂಡಿದ್ದವು. ಸಂಜೆ ಪ್ರಯೋಗಾಲಯದವರು ಅದು ಪ್ರುವಿಟ್‌ನದೇ ಎಂದರು. ನ್ಯಾಯಾಧೀಶರು ವಾರಂಟಿಗೆ ಸಹಿ ಹಾಕಿದರು. ಆದರೆ ಟಕೆಟ್ ಅಂದು ರಜೆ ಹಾಕಿದ್ದ, ಮನೆಯಲ್ಲೂ ಇರಲಿಲ್ಲ. ಕೊನೆಗೆ ಗಸ್ತಿನವರು ಅವನನ್ನು ಕಂಡದ್ದು ಮಾರನೆಯ ಬೆಳಿಗ್ಗೆ, ಕೆಲಸದ ಜಾಗದಲ್ಲೇ.

ಏಪ್ರಿಲ್ 25, ಶುಕ್ರವಾರ 8.15. ನಗರದ ನಾಯಿಗೂಡುಗಳ ಸಾಲಿನಲ್ಲಿ ಟಕೆಟ್ ಪೈಪು ಹಿಡಿದು ನೆಲ ತೊಳೆಯುತ್ತಿದ್ದ. ಹಿಂದೆ ಇಬ್ಬರು ಸಮವಸ್ತ್ರದವರೊಂದಿಗೆ ರೂತ್ ಬರುವುದನ್ನು ಕಂಡು ನೀರು ನಿಲ್ಲಿಸಿದ.

"ನಿನ್ನೆ ಎಲ್ಲಿದ್ದೆ ವೇಡ್?"

"ಸ್ಮಶಾನದಲ್ಲಿ. ಆಮೇಲೆ ಕಾರಲ್ಲಿ ಕೂತಿದ್ದೆ." ಅವನು ಕೈಗಳನ್ನು ತಾನಾಗಿಯೇ ಹಿಂದಕ್ಕೆ ಕೊಟ್ಟ. "ಕೊನೇ ಮೂರು ಗೂಡಿಗೆ ಊಟ ಹಾಕಿಲ್ಲ. ಯಾರಿಗಾದ್ರೂ ಹೇಳು."

9.05ಕ್ಕೆ ಹೇಳಿಕೆ ಶುರುವಾಯಿತು. ಸುಮ್ಮನಿರುವ ಹಕ್ಕಿದೆ, ವಕೀಲನನ್ನು ಕರೆಸಬಹುದು ಎಂದು ರೂತ್ ಓದಿ ಹೇಳಿದಳು. ಅವನು ಬೇಡವೆಂದು ಸಹಿ ಹಾಕಿದ.

"ನದಿ ಹತ್ರ ಯಾಕೆ ಹೋಗಿದ್ದೆ?"

"ಅವನು ದಿನಾ ಅಲ್ಲೇ ನಡೀತಾನೆ. ಮಾತಾಡೋಣ ಅಂತ."

"ಮಾತಾಡೋಕೆ ಕೋಲು ಯಾಕೆ?"

"ವ್ಯಾನಿಂದ ಇಳಿದ್ರೆ ಕೋಲು ಕೈಯಲ್ಲೇ ಇರತ್ತೆ. ಹತ್ತೊಂಬತ್ತು ವರ್ಷದ ರೂಢಿ."

"ಆ ಹೊತ್ತಲ್ಲಿ ಅಲ್ಲಿ ಹಿಡಿಯೋಕೆ ಯಾವ ನಾಯಿ ಇತ್ತು ವೇಡ್?"

"ಯಾವುದೂ ಇರ್ಲಿಲ್ಲ."

"ಏನು ಕೇಳ್ದೆ ಅವನ್ನ?"

"ಮಿಸ್ ಓಪಲ್ ಮಗಳು ಮೆಂಫಿಸ್ಸಿಂದ ಬಂದಿದಾಳೆ, ಶನಿವಾರ ವಾಪಸ್ ಹೋಗ್ತಾಳೆ. ಅಷ್ಟರೊಳಗೆ ಒಂದ್ಸಲ ಆ ಮನೆಗೆ ನನ್ನ ಜೊತೆ ಬನ್ನಿ, ನಾವಿಬ್ರೂ ಹೋಗಿ ತಪ್ಪಾಯ್ತು ಅನ್ನೋಣ ಅಂದೆ. ಯಾವ ಓಪಲ್ ಅಂದ." ಟಕೆಟ್ ತಲೆ ಎತ್ತಿದ. "ಹೇಳ್ದೆ. ಕೈ ಕಚ್ಚಿಸ್ಕೊಂಡಿದ್ದೋರು, ನಿಮ್ಮ ಮುಂದೆ ಕೂತಿದ್ರು ಅಂದೆ. ಆಗ, 'ಓ, ಆ ಬೂದು ನಾಯಿ ಕೇಸಾ' ಅಂದ. ನಾಯಿ ಬಣ್ಣ ನೆನಪಿತ್ತು ಅವನಿಗೆ. ವಾಚು ನೋಡ್ಕೊಂಡು, ಏನಿದ್ರೂ ಡೋರೀನ್ ಹತ್ರ ಬರ್ಕೊಟ್ಟು ಹೋಗು ಅಂತ ಮುಂದಕ್ಕೆ ನಡೆದ."

"ಆಮೇಲೆ?"

"ಹಿಂದಿಂದ ಹಾಕ್ದೆ. ಮೊದಲು ಬೈದ. ಆಮೇಲೆ ಬೈಯೋಕೆ ಉಸಿರಿರ್ಲಿಲ್ಲ. ಎಳ್ಕೊಂಡು ಹೋದೆ. ಒಂದ್ಸಲ ಎದ್ದು ನಿಂತ, ಮತ್ತೆ ಕೆಡವಿದೆ. ಬಿಡ್ಬೇಕು ಅಂತ ಗೊತ್ತಿತ್ತು ನನಗೆ, ಸಾರ್ಜೆಂಟ್. ಕೈ ತಂತಿ ಮೇಲಿತ್ತು, ಬಿಟ್ರೆ ಬದುಕ್ತಾನೆ ಅಂತ ಗೊತ್ತಿತ್ತು. ಬಿಡ್ಲಿಲ್ಲ."

"ಆ ಹೆಂಗಸಿನ ಸಾವಿಗೆ ನೀನು ಯಾಕೆ ಹೊಣೆ ಅಂದ್ಕೊಂಡೆ? ನೀನು ನಾಯಿ ಹಿಡಿದಿದ್ದೆ."

"ಅವರು ದೂರು ಕೊಡಲ್ಲ ಅಂದಿದ್ರು. ಪಕ್ಕದ ಮನೆಯೋನ ಸಹವಾಸ ಬೇಡ, ಹೆದರಿಕೆ ಆಗತ್ತೆ ಅಂತ. ನಾನೇ ಮೂರು ದಿನ ಅವರ ಅಡುಗೆಮನೇಲಿ ಕೂತು ಒಪ್ಪಿಸ್ದೆ. ಜೋಳದ ಬ್ರೆಡ್ ಮಾಡಿ ಕೊಟ್ಟಿದ್ರು. 'ನೀವು ಸಹಿ ಹಾಕಿ ಮಿಸ್ ಓಪಲ್, ಆ ನಾಯಿ ಈ ಬೀದಿಗೆ ವಾಪಸ್ ಬರಲ್ಲ, ನಂದು ಗ್ಯಾರಂಟಿ' ಅಂದೆ. ವಾಪಸ್ ತಂದು ಬಿಟ್ಟೋನೂ ನಾನೇ. ಆದೇಶ ಇತ್ತಲ್ಲ." ಅವನು ಅಂಗೈ ತಿರುಗಿಸಿ ನೋಡಿಕೊಂಡ. "ಹತ್ತನೇ ತಾರೀಕು ಮೊದಲು ತಲುಪಿದ್ದೂ ನಾನೇ. ಟವೆಲ್ ಒತ್ತಿ ಹಿಡ್ಕೊಂಡಿದ್ದೆ, ಬೆರಳ ಸಂದೀಲಿ ಬರ್ತಾನೇ ಇತ್ತು. ದನಿ ಬರ್ತಿರ್ಲಿಲ್ಲ ಅವರಿಗೆ, ತುಟಿ ಮಾತ್ರ ಆಡ್ತಿತ್ತು. ಆದ್ರೂ ನನ್ನ ಗುರುತು ಹಿಡಿದ್ರು. 'ನೀನು ಹೇಳಿದ್ದೆಯಲ್ಲ ವೇಡ್' ಅಂದ್ರು."

ಹೇಳಿಕೆ 9.52ಕ್ಕೆ ಮುಗಿಯಿತು. ಪೂರ್ವಯೋಜಿತ ಕೊಲೆಯ ಆರೋಪ ದಾಖಲಿಸಿ ಅವನನ್ನು ಜಿಲ್ಲಾ ಜೈಲಿಗೆ ಕಳಿಸಿದರು. ಗೇನ್ಸ್ ಮುರಿದ ತೋಳನ್ನು ಎದೆಗೆ ಕಟ್ಟಿಕೊಂಡು ಜೈಲಿನ ಬಾಗಿಲವರೆಗೆ ಬಂದಿದ್ದ. ಟಕೆಟ್ ಅವನ ತೋಳಿನ ಬ್ಯಾಂಡೇಜು ನೋಡಿ ತಲೆಯಾಡಿಸಿ ಒಳಗೆ ಹೋದ.

ಆ ಮಧ್ಯಾಹ್ನ ರೂತ್ ಓಪಲ್ ಜೆಫರ್ಸ್‌ಳ ಮಗಳು ವರ್ನೀಟಾಳನ್ನು ಕಾಣಲು ಹೋದಳು. ಅವಳು ತಾಯಿಯ ಅಡುಗೆಮನೆಯ ಪಾತ್ರೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ರೂತ್ ನಿಂತುಕೊಂಡೇ ಎಲ್ಲ ಹೇಳಿದಳು. ವರ್ನೀಟಾ ಕೈಯಲ್ಲಿದ್ದ ಬಾಣಲೆಯನ್ನು ಕೆಳಗಿಟ್ಟಳು.

"ಆ ತೆಳ್ಳಗಿನ ಮನುಷ್ಯನಾ? ಶವಸಂಸ್ಕಾರದ ದಿನ ಚರ್ಚಿನ ಹೊರಗೇ ನಿಂತಿದ್ದ. ಒಳಗೆ ಬಾ ಅಂತ ಎರಡು ಸಲ ಕರೆದೆ. ಬರ್ಲಿಲ್ಲ."

"ನಿಮ್ಮಮ್ಮಂಗೆ ಆದ ಅನ್ಯಾಯಕ್ಕೆ ಅಂತ ಅವನು..."

"ಹಾಗೆ ಬರೀಬೇಡಿ." ವರ್ನೀಟಾಳ ದನಿ ಏರಲಿಲ್ಲ. "ನಿಮ್ಮ ಕಾಗದದಲ್ಲಿ ಎಲ್ಲೂ ಹಾಗೆ ಬರೀಬೇಡಿ. ದೂರಿಗೆ ಸಹಿ ಹಾಕಿದ ರಾತ್ರಿ ಅಮ್ಮ ನಂಗೆ ಫೋನ್ ಮಾಡಿದ್ಲು. ಹೆದರಿಕೆ ಆದ್ರೂ ಸಹಿ ಹಾಕ್ದೆ ಕಣೇ, ಇನ್ನು ಯಾರಿಗೂ ಏನೂ ಆಗ್ಬಾರ್ದಲ್ಲ ಅಂದ್ಲು. ಅವಳ ಹೆಸರಲ್ಲಿ ಇನ್ನೊಬ್ಬನ ಹೆಣ ಬೀಳಿಸಿದ್ರೆ ಅವಳಿಗೇನು ಬಂತು? ಪ್ರುವಿಟ್‌ಗೆ ಹೆಂಡ್ತಿ ಇದಾಳಾ?"

"ಇದಾರೆ."

"ಮನೆ ಎಲ್ಲಿ ಅಂತ ಹೇಳಿ. ನಾಳೆ ಹೊರಡೋ ಮುಂಚೆ ಹೋಗಿ ಬರ್ತೀನಿ."

ರೂತ್ ತನ್ನ ಪುಸ್ತಕದ ಒಂದು ಹಾಳೆ ಹರಿದು ವಿಳಾಸ ಬರೆದುಕೊಟ್ಟಳು. ವರ್ನೀಟಾ ಅದನ್ನು ಎರಡು ಸಲ ಓದಿ, ಮಡಿಸಿ, ಕೋಟಿನ ಜೇಬಿಗೆ ಹಾಕಿಕೊಂಡಳು.